ಆರು ಚೂರು ಚರ್ಮ

ಆಕೆ ಮೊದಲ ಸಲ ನನ್ನ ಹತ್ತಿರ ಬಂದಾಗ ಜ್ವರಕ್ಕೆ ಆಗಲೇ ಮೂರು ವಾರ ತುಂಬಿತ್ತು. ಶ್ರೀನಿವಾಸಪುರದ ಆಚೆ, ಆಂಧ್ರದ ಗಡಿಗೆ ಹತ್ತಿರದ ಹಳ್ಳಿ. ವಯಸ್ಸು ಐವತ್ತೈದರ ಆಸುಪಾಸು. ಊರಿನ ಹಾಲಿನ ಡೈರಿಯಲ್ಲಿ ಟೆಸ್ಟರ್ ಕೆಲಸ. ಬೆಳಿಗ್ಗೆ ಸಂಜೆ ಜನ ತಂದು ಸುರಿಯುವ ಹಾಲಿನ ಫ್ಯಾಟು, ನೀರು ಬೆರೆತಿದೆಯೇ ಎಂದು ತೋರಿಸುವ ಡಿಗ್ರಿ ನೋಡಿ ಬರೆದುಕೊಳ್ಳುವುದು. ಜೊತೆಗೆ ಗಂಡ ಬಂದಿದ್ದರು. ಟೊಮೆಟೊ ಬೆಳೆಯುವವರು, ಮಾತು ಕಡಿಮೆ. ಹಿಂದಿನ ಇಬ್ಬರು ಡಾಕ್ಟರುಗಳು ಬರೆದ ಚೀಟಿಗಳನ್ನು, ರಿಪೋರ್ಟುಗಳನ್ನು ಒಂದು ಬಟ್ಟೆಯ ಚೀಲದಲ್ಲಿ ಜೋಡಿಸಿ ತಂದಿದ್ದರು.

ಕೋಲಾರದಲ್ಲಿ ಹದಿನೆಂಟು ವರ್ಷದಿಂದ ವೈದ್ಯೆಯಾಗಿರುವ ನನಗೆ ಜ್ವರ ಹೊಸದೇನಲ್ಲ. ಡೆಂಗಿ, ಟೈಫಾಯ್ಡ್, ಇಲಿಜ್ವರ ಎಲ್ಲಕ್ಕೂ ಪರೀಕ್ಷೆ ಮಾಡಿಸಿದೆ, ಯಾವುದೂ ಅಲ್ಲ. ದನದಿಂದ, ಹಸಿ ಹಾಲಿನಿಂದ ಬರುವ ಬ್ರೂಸೆಲ್ಲಾ ಜ್ವರವೇ ಇರಬೇಕೆಂದು ನನಗೆ ಗಟ್ಟಿಯಾಗಿ ಅನ್ನಿಸಿತ್ತು, ಅದೂ ಇರಲಿಲ್ಲ. ಹೊಟ್ಟೆ, ಎದೆ ಸ್ಕ್ಯಾನ್ ಮಾಡಿಸಿದೆ. ಎಲ್ಲೂ ಗಂಟಿಲ್ಲ, ಗೆಡ್ಡೆಯಿಲ್ಲ, ಕೀವಿಲ್ಲ. ಪ್ರತಿ ರಿಪೋರ್ಟು ಬಂದಾಗಲೂ ನಾನು "ಇದರಲ್ಲಿ ಏನೂ ಇಲ್ಲ" ಎನ್ನುತ್ತಿದ್ದೆ. ಗಂಡ ಆಕೆಯ ಕಡೆ ತಿರುಗಿ ತಮ್ಮ ಮನೆಮಾತಿನಲ್ಲಿ, "ಏಮೀ ಲೇದಂಟ" ಎನ್ನುತ್ತಿದ್ದರು. ಏನೂ ಇಲ್ಲವಂತೆ. ಸಂಜೆಯಾಗುತ್ತಿದ್ದಂತೆ ಮತ್ತೆ ನೂರಾಮೂರು.

ಒಂದು ದಿನ ಆಕೆ ವಾರ್ಡಿನ ಹಾಸಿಗೆಯಲ್ಲಿ ಎದ್ದು ಕೂತು ನನ್ನನ್ನು ನೇರವಾಗಿ ಕೇಳಿದರು.

"ಡಾಕ್ಟ್ರಮ್ಮ, ಹಾಲಿಗೆ ಒಂದು ಲೋಟ ನೀರು ಬೆರೆಸಿದ್ರೂ ನಂಗೆ ಒಂದು ನಿಮಿಷದಲ್ಲಿ ಗೊತ್ತಾಗೋಗುತ್ತೆ. ನೀವು ಇಷ್ಟು ದಿನದಿಂದ ನನ್ನ ರಕ್ತ ತೆಗೀತಾನೇ ಇದ್ದೀರ. ಇನ್ನೂ ಗೊತ್ತಾಗ್ಲಿಲ್ವಾ?"

ನಾನು ನಕ್ಕೆ. ನಗಬಾರದಿತ್ತು. ಆಕೆ ತಮಾಷೆ ಮಾಡಿರಲಿಲ್ಲ.

ಆಮೇಲೆ ನಾನು ಮಾಡಿದ್ದನ್ನು ಇಂದಿಗೂ ಹೇಳಿಕೊಳ್ಳಲು ಮುಜುಗರ. ಕಾರಣ ಸಿಗದ ಜ್ವರಕ್ಕೆ ನಮ್ಮ ಕಡೆ ಒಂದು ರೂಢಿಯಿದೆ: ಕ್ಷಯದ ಔಷಧ ಶುರು ಮಾಡಿ ನೋಡುವುದು. ಎಷ್ಟೋ ಸಲ ಅದು ಸರಿಯೇ ಆಗಿರುತ್ತದೆ. ಪುರಾವೆ ಏನೂ ಇಲ್ಲದಿದ್ದರೂ ನಾನೂ ಶುರು ಮಾಡಿದೆ. ಏನಾದರೂ ಮಾಡುತ್ತಿದ್ದೇನೆ ಎಂಬ ಧೈರ್ಯ ಆಕೆಗಿಂತ ಹೆಚ್ಚಾಗಿ ನನಗೆ ಬೇಕಿತ್ತು. ಎರಡನೆಯ ವಾರ ಆಕೆಗೆ ವಾಂತಿ, ಕಣ್ಣು ಹಳದಿ. ಔಷಧ ನಿಲ್ಲಿಸಿದೆ. ಜ್ವರ ಮಾತ್ರ ಹಾಗೇ ಇತ್ತು.

ಮನೆಗೆ ಹೋದವರು ಎಂಟೇ ದಿನಕ್ಕೆ ವಾಪಸು ಬಂದರು. ಆಟೋ ಇಳಿದು ಬಾಗಿಲವರೆಗೆ ನಡೆಯುವಷ್ಟರಲ್ಲಿ ಏದುಸಿರು. ಶ್ವಾಸಕೋಶದ ಸ್ಕ್ಯಾನ್ ಶುಭ್ರವಾಗಿತ್ತು, ಆದರೆ ರಕ್ತದಲ್ಲಿ ಆಮ್ಲಜನಕ ಕಡಿಮೆ. ಪ್ಲೇಟ್‌ಲೆಟ್ ಇಳಿಯುತ್ತಿತ್ತು. ಮೈಯಲ್ಲಿ ಜೀವಕೋಶಗಳು ಎಲ್ಲೋ ರಾಶಿರಾಶಿಯಾಗಿ ಸಾಯುತ್ತಿವೆ ಎಂದು ಸೂಚಿಸುವ ಎಲ್‌ಡಿಎಚ್ ಎಂಬ ರಕ್ತಪರೀಕ್ಷೆಯೊಂದಿದೆ. ಅದು ಇರಬೇಕಾದ್ದಕ್ಕಿಂತ ಹಲವು ಪಟ್ಟು ಏರಿತ್ತು. ಗಂಡ ನನ್ನನ್ನು ಪಕ್ಕಕ್ಕೆ ಕರೆದರು.

"ಅಮ್ಮಾ, ಇನ್ನೊಂದು ವಿಷ್ಯ. ಜ್ವರ ಸ್ವಲ್ಪ ಕಮ್ಮಿ ಆಗಿತ್ತು ಅಂತ ಮೊನ್ನೆ ಡೈರಿಗೆ ಹೋಗಿದ್ಲು. ಒಬ್ರದೇ ಹಾಲು ಎರಡು ಸಲ ಬರ್ದವ್ಳೆ. ಕೇಳಿದ್ರೆ, ಬರ್ದೇ ಇಲ್ಲ ಅಂತಾಳೆ. ಇಪ್ಪತ್ತು ವರ್ಷದಲ್ಲಿ ಒಂದ್ಸಲಾನೂ ಹಂಗ್ ಮಾಡಿದ್ದಿಲ್ಲ."

ಅದು ಕೇಳಿ ನನಗೆ ನಿಜವಾಗಿ ಭಯವಾಯಿತು. ರೋಗ ಯಾವುದೇ ಇರಲಿ, ಮಿದುಳನ್ನೂ ಮುಟ್ಟಿದೆ.

ಮೂಳೆಮಜ್ಜೆ ತೆಗೆಸಿ ಕಳಿಸಿದೆ. ಅದರಲ್ಲೂ ಏನೂ ಕಾಣಲಿಲ್ಲ. ಆ ರಿಪೋರ್ಟು ಹಿಡಿದುಕೊಂಡೇ ಬೆಂಗಳೂರಿನಲ್ಲಿ ಪೆಥಾಲಜಿಸ್ಟ್ ಆಗಿರುವ ನನ್ನ ಸಹಪಾಠಿ ಗೆಳತಿಗೆ ಫೋನು ಮಾಡಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಗಂಟು ಎಲ್ಲೂ ಇಲ್ವಾ?"

"ಎಲ್ಲೂ ಇಲ್ಲ."

"ಹಾಗಾದ್ರೆ ಚರ್ಮ ತೆಗೆದು ಕಳ್ಸು."

"ಚರ್ಮದಲ್ಲೇನಿದೆ? ಒಂದು ಗುಳ್ಳೆ ಕೂಡ ಇಲ್ಲ ಕಣೇ."

"ಇಲ್ದಿದ್ರೂ ಸರಿ. ತೊಡೆ, ಹೊಟ್ಟೆ, ತೋಳು, ಚೆನ್ನಾಗಿರೋ ಕಡೆಯಿಂದ್ಲೇ ತೆಗಿ. ಮೇಲ್ಮೇಲೆ ಕೆರೀಬೇಡ, ಕೊಬ್ಬಿನವರೆಗೆ ಬರಬೇಕು. ಒಂದೆರಡು ಸಾಲಲ್ಲ, ಆರು ಕಡೆ."

ಅವಳ ಅನುಮಾನ ಒಂದು ಅಪರೂಪದ ರಕ್ತದ ಕ್ಯಾನ್ಸರಿನ ಮೇಲಿತ್ತು. ಸಾಮಾನ್ಯವಾಗಿ ಲಿಂಫೋಮಾ ಎಂದರೆ ಕತ್ತಿನಲ್ಲೋ ಕಂಕುಳಲ್ಲೋ ಗಂಟು ಕಟ್ಟುತ್ತದೆ. ಇದು ಕಟ್ಟುವುದಿಲ್ಲ. ಕೆಟ್ಟ ಕೋಶಗಳು ಕೂದಲಿಗಿಂತ ಸಣ್ಣ ರಕ್ತನಾಳಗಳ ಒಳಗೇ ಸೇರಿಕೊಂಡು, ಅಲ್ಲೇ ಹೆಚ್ಚಿ, ದಾರಿ ಮುಚ್ಚಿಬಿಡುತ್ತವೆ. ಸ್ಕ್ಯಾನಿಗೆ ಹಿಡಿಯಲು ಗಂಟು ಇರುವುದಿಲ್ಲ. ಚರ್ಮದ ಕೆಳಗಿನ ಕೊಬ್ಬಿನಲ್ಲಿ ಅಂಥ ಸಣ್ಣ ನಾಳಗಳು ತುಂಬ ಇರುತ್ತವಾದ್ದರಿಂದ, ಅಲ್ಲಿ ಅವು ಸಿಕ್ಕಿಬೀಳುವ ಸಂಭವ ಹೆಚ್ಚು. ಇದನ್ನು ನಾನು ಕಾಲೇಜಿನ ದಿನಗಳಲ್ಲಿ ಎಲ್ಲೋ ಒಂದು ಪ್ಯಾರಾದಲ್ಲಿ ಓದಿದ್ದೆ, ಮರೆತಿದ್ದೆ.

ಆಕೆಗೆ ಹೇಳಿದಾಗ ಸಿಟ್ಟು ಬಂತು. "ಕಾಯಿಲೆ ಒಳಗಿದೆ ಅಂತೀರ. ಚೆನ್ನಾಗಿರೋ ಚರ್ಮ ಯಾಕೆ ಕುಯ್ತೀರ?"

ವಿವರಿಸಿದೆ. ಎಷ್ಟು ಅರ್ಥವಾಯಿತೋ ಕಾಣೆ. ಗಂಡ ಆಕೆಯ ಕಾಲ ಹತ್ತಿರ ಕೂತು, "ಕೊಡೇ. ಇಷ್ಟು ಕೊಟ್ಟಿದ್ದೀಯ, ಇನ್ನೊಂಚೂರು ಕೊಡು" ಎಂದರು. ಆಕೆ ಗೋಡೆಯ ಕಡೆ ಮುಖ ತಿರುಗಿಸಿ ಒಪ್ಪಿಕೊಂಡರು.

ನಾನೇ ತೆಗೆದೆ. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಆರು ಕಡೆ ಕಡಲೆಬೇಳೆಯಷ್ಟಗಲದ ಚೂರು. ಒಂದೊಂದಕ್ಕೂ ಒಂದೆರಡು ಹೊಲಿಗೆ. ನಾಲ್ಕನೆಯದಕ್ಕೆ ಬರುವಾಗ, ಇದರಲ್ಲೂ ಏನೂ ಸಿಗದಿದ್ದರೆ ಈ ಹೆಂಗಸಿನ ಮೈಯನ್ನು ಸುಮ್ಮನೆ ಗಾಯ ಮಾಡಿದವಳಾಗುತ್ತೇನೆ ಅನ್ನಿಸಿತು.

ಮೂರನೆಯ ದಿನ ಮಧ್ಯಾಹ್ನ, ರೋಗಿಗಳ ಸಾಲು ಹೊರಗೆ ಕಾಯುತ್ತಿದ್ದಾಗ ಗೆಳತಿಯ ಫೋನು ಬಂತು. "ಆರರಲ್ಲಿ ಎರಡು ಚೂರಲ್ಲಿ ಇದೆ. ನಾಳಗಳ ತುಂಬ ಕೂತಿವೆ. ತಡ ಮಾಡ್ಬೇಡ, ಅವರನ್ನ ಇಲ್ಲಿಗೆ ಕಳಿಸ್ಕೊಡು."

ಗೊತ್ತಾಯಿತು ಎಂಬ ಸಮಾಧಾನ ಒಂದು ಕ್ಷಣವೂ ನಿಲ್ಲಲಿಲ್ಲ. ನನಗೆ ಆಗ ನೆನಪಾದದ್ದು ಮುಳಬಾಗಿಲಿನ ಒಬ್ಬ ಪುರೋಹಿತರು. ಎರಡು ವರ್ಷದ ಹಿಂದೆ ಇಂಥದ್ದೇ ಜ್ವರದಿಂದ ನನ್ನ ವಾರ್ಡಿನಲ್ಲಿದ್ದರು. ಗಂಟಿರಲಿಲ್ಲ. ಕೊನೆಯ ದಿನಗಳಲ್ಲಿ ಏದುಸಿರು, ಬಾಯಿಪಾಠವಿದ್ದ ಮಂತ್ರವೂ ತಪ್ಪುತ್ತಿತ್ತು. ಅವರಿಗೂ ಕ್ಷಯದ ಔಷಧ ಕೊಟ್ಟಿದ್ದೆ. ಏಳನೆಯ ವಾರ ತೀರಿಕೊಂಡರು. ಕಾರಣ ತಿಳಿಯದ ಜ್ವರ ಎಂದು ಬರೆದು ಸಹಿ ಹಾಕಿದ್ದೆ. ಅಂದು ಸಂಜೆ ರೆಕಾರ್ಡ್ ರೂಮಿಗೆ ಹೋಗಿ ಅವರ ಫೈಲು ತೆಗೆಸಿದೆ. ಎಲ್‌ಡಿಎಚ್ ಅದರಲ್ಲೂ ಏರಿತ್ತು. ಅದರ ಸುತ್ತ ನಾನೇ ಎಳೆದ ಒಂದು ಗುಂಡು ಗೆರೆಯಿತ್ತು. ಗೆರೆ ಎಳೆದು ಸುಮ್ಮನಾಗಿದ್ದೆ.

ಡೈರಿಯ ಆಕೆಗೆ ಬೆಂಗಳೂರಿನಲ್ಲಿ ಆರು ಸಲ ಕಿಮೊ ಆಯಿತು. ಮೊದಲನೆಯದು ಮುಗಿದ ನಾಲ್ಕೇ ದಿನಕ್ಕೆ, ಎರಡೂವರೆ ತಿಂಗಳು ಬಿಡದ ಜ್ವರ ಬಿಟ್ಟಿತಂತೆ. ಚಿಕಿತ್ಸೆ ಮುಗಿಸಿ ನನ್ನನ್ನು ನೋಡಲು ಬಂದರು. ತಲೆಗೆ ಟವೆಲು ಸುತ್ತಿದ್ದರು. ಬೆರಳ ತುದಿಗಳು ಜೋಮು ಹಿಡಿದು ಕೈಯಲ್ಲಿ ಸಣ್ಣ ಸಾಮಾನು ನಿಲ್ಲುವುದಿಲ್ಲ, ಡೈರಿಯಲ್ಲಿ ಈಗ ಬೇರೆಯವರು ಕೂರುತ್ತಾರೆ ಎಂದರು. ಗಂಡ, "ಮತ್ತೆ ಬರುತ್ತಾ ಅಮ್ಮಾ?" ಎಂದು ಕೇಳಿದರು.

"ಬರಬಹುದು. ಬರದೇನೂ ಇರಬಹುದು. ಮೂರು ತಿಂಗಳಿಗೊಂದ್ಸಲ ತಪ್ಪದೆ ತೋರಿಸ್ಕೊಳ್ಳಿ" ಎಂದೆ.

ಆಕೆ, "ಈ ಸಲ ಬಂದ್ರೆ ಬೇಗ ಕಂಡುಹಿಡೀರಿ" ಎಂದರು. ನಾನು ತಲೆಯಾಡಿಸಿದೆ.

ಅದಾದ ಮುಂದಿನ ಭಾನುವಾರ ಬಸ್ಸು ಹತ್ತಿ ಮುಳಬಾಗಿಲಿಗೆ ಹೋದೆ. ಯಾರೂ ಹೋಗೆಂದಿರಲಿಲ್ಲ. ಹೋಗಬೇಡವೆಂದು ನನ್ನ ಗಂಡ ಎರಡು ಸಲ ಹೇಳಿದ್ದರು. ಪುರೋಹಿತರ ಹೆಂಡತಿ ಗುರುತು ಹಿಡಿದು ಒಳಗೆ ಕರೆದು, ಕಾಫಿ ಕೊಟ್ಟರು. ನಾನು ಹೇಳಿದೆ: ಇತ್ತೀಚೆಗೆ ಒಬ್ಬ ರೋಗಿಯಲ್ಲಿ ಒಂದು ಕಾಯಿಲೆ ಸಿಕ್ಕಿತು. ಯಜಮಾನರಿಗೂ ಬಹುಶಃ ಅದೇ ಇತ್ತು. ಖಚಿತವಾಗಿ ಹೇಳಲು ಈಗ ದಾರಿಯಿಲ್ಲ. ಆಗ ನನಗೆ ಹೊಳೆಯಲಿಲ್ಲ.

"ಆ ರೋಗಿ ಬದುಕಿದ್ದಾರಾ?"

"ಇದ್ದಾರೆ."

ಅವರು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದರು.

"ಯಾರಿಗೂ ಗೊತ್ತಾಗದ ಕಾಯಿಲೆ ಬಂತು, ಹೋದ್ರು ಅಂದ್ಕೊಂಡು ನಾನು ಹೇಗೋ ಇದ್ದೆ. ಈಗ ಗೊತ್ತಾಗೋ ಕಾಯಿಲೆ ಅಂತ ಹೇಳ್ತಿದ್ದೀರ." ಧ್ವನಿ ಏರಲಿಲ್ಲ. "ಇದನ್ನ ನಾನು ಏನ್ಮಾಡ್ಲಿ ಹೇಳಿ."

ತಪ್ಪಾಯಿತು ಎಂದೆ. ಬಂದದ್ದಕ್ಕೋ, ಆಗ ಹೊಳೆಯದೆ ಹೋದದ್ದಕ್ಕೋ ನನಗೇ ಸ್ಪಷ್ಟವಿರಲಿಲ್ಲ, ಅವರೂ ಕೇಳಲಿಲ್ಲ. ಹೊರಡುವಾಗ ವಾಡಿಕೆಯಂತೆ ಕುಂಕುಮ ಕೊಡಲು ಸೊಸೆಯನ್ನು ಕೂಗಿದರು. ತಾವು ಮಾತ್ರ ಬಾಗಿಲವರೆಗೆ ಬರಲಿಲ್ಲ.