ಬಸ್ಸಿನ ಹಾಸನ

ಮೇಷ್ಟ್ರ ಬಲಗೈ ತೋರುಬೆರಳಿನ ಉಗುರು ಸದಾ ಕೆಂಪಗಿರುತ್ತಿತ್ತು. ಪೆನ್ನಿನ ಮುಚ್ಚಳ ಕಳೆದುಹಾಕುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ, ಹಾಗಾಗಿ ಕೆಂಪು ಶಾಯಿ ಉಗುರಿಗೂ ಜುಬ್ಬಾದ ಜೇಬಿಗೂ ಹತ್ತಿ ಅಲ್ಲೇ ಉಳಿದಿತ್ತು. ಹೈಸ್ಕೂಲಿನಲ್ಲಿ ನಮಗೆ ಕನ್ನಡ ಕಲಿಸುವಾಗ ಹಾಗಿತ್ತು, ನಿವೃತ್ತರಾಗಿ ಹೊಳೆನರಸೀಪುರದ ಸಣ್ಣ ಪ್ರೆಸ್ಸೊಂದರ ಕಿಟಕಿ ಪಕ್ಕ ಕೂತು ಕರಡು ತಿದ್ದುವಾಗಲೂ ಹಾಗೇ ಇತ್ತು.

ನಮ್ಮ ಕಡೆಯವರ ಬಾಯಿಗೆ ಹಕಾರ ಸುಲಭಕ್ಕೆ ಹತ್ತುವುದಿಲ್ಲ. ಹಾಸನಕ್ಕೆ ಹೋಗುವವರು ನಮ್ಮಲ್ಲಿಲ್ಲ, ಎಲ್ಲರೂ ಆಸನಕ್ಕೆ ಓಗುವವರೇ. ಮೇಷ್ಟ್ರಿಗೆ ಅದೊಂದು ಹಟ. ಒಬ್ಬೊಬ್ಬರನ್ನೇ ಎಬ್ಬಿಸಿ ನಿಲ್ಲಿಸಿ, "ಅಂಗೈ ಬಾಯಿ ಮುಂದೆ ಹಿಡಿ. ಹಾಸನ ಅನ್ನು. ಉಸಿರು ತಾಗಬೇಕು," ಎನ್ನುತ್ತಿದ್ದರು. ತಾಗುವವರೆಗೂ ಕೂರಲು ಬಿಡುತ್ತಿರಲಿಲ್ಲ. ಒಂದು ಮಧ್ಯಾಹ್ನವಿಡೀ ನಾನು ನಿಂತಿದ್ದೇನೆ. ಕೊನೆಗೆ ಹಕಾರ ಬಂದದ್ದು ಕಲಿತು ಅಲ್ಲ, ಸಿಟ್ಟಿಗೆ. "ಬಂತು ನೋಡು," ಎಂದು ಕೂರಿಸಿದರು.

ಅವ್ವ ತೀರಿಕೊಂಡಾಗ ನನಗೆ ಅಳು ಬರಲಿಲ್ಲ. ಅರಕಲಗೂಡಿನಲ್ಲಿ ನಾನು ಅಂಗನವಾಡಿ ಟೀಚರ್. ಮಕ್ಕಳಿಗೆ ಊಟ ಬಡಿಸಿ, ಅವು ಮಲಗಿದ ಹೊತ್ತಿನಲ್ಲಿ ಮೊಬೈಲ್ ಹಿಡಿದು ಅವ್ವನ ಕತೆ ಬರೆಯತೊಡಗಿದೆ. ರಾಮನಾಥಪುರದ ಕಡೆ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುತ್ತಾ ಅವಳು ಆಡುತ್ತಿದ್ದ ಮಾತುಗಳನ್ನು ಅವಳ ಬಾಯಲ್ಲಿ ಬಂದಂತೆಯೇ ಹಾಕಿದೆ. ಕತೆಗಳ ಒಂದು ಆ್ಯಪಿನಲ್ಲಿ ಕಂತುಕಂತಾಗಿ ಬಂತು. ತುಂಬ ಜನ ಮೆಚ್ಚಿದರು. ಒಬ್ಬರು ಮಾತ್ರ, "ಮೇಡಂ, ನಿಮ್ಮ ಕೀಬೋರ್ಡಲ್ಲಿ ಹ ಇಲ್ವಾ?" ಎಂದು ಬರೆದು ನಗುವ ಮುಖ ಅಂಟಿಸಿದರು. ಮೆಚ್ಚಿದ್ದೆಲ್ಲ ಮರೆತುಹೋಯಿತು, ಅದೊಂದು ಉಳಿದುಕೊಂಡಿತು.

ಹಾಗಾಗಿ ಪುಸ್ತಕ ಮಾಡಿಸಲು ಹೊರಟಾಗ ಮೊದಲು ಮಾಡಿದ ಕೆಲಸವೇ ಹ ಸೇರಿಸಿದ್ದು. ಕಂಪ್ಯೂಟರಿಗೆ ಒಂದು ಪದ ಕೊಟ್ಟು, ಇದರ ಬದಲು ಇದನ್ನು ಹಾಕು ಅಂದರೆ ಪುಸ್ತಕದುದ್ದಕ್ಕೂ ಹಾಕಿಬಿಡುತ್ತದೆ. ಅಂಗೆ ಹೋಗಿ ಹಾಗೆ ಬಂತು, ಆಸನ ಹೋಗಿ ಹಾಸನ ಬಂತು. ಉಳಿದದ್ದನ್ನು ಕೈಯಾರೆ ತಿದ್ದಿದೆ. ಹೆಬ್ಬೆಟ್ಟು ಒತ್ತುತ್ತಿದ್ದ ಅವ್ವ ವಾರ್ತೆ ಓದುವವಳ ಹಾಗೆ ಮಾತಾಡತೊಡಗಿದಳು.

ಪ್ರೆಸ್ಸಿಗೆ ಹೋದರೆ ಕರಡು ನೋಡಲು ಕೂತಿದ್ದವರು ಮೇಷ್ಟ್ರು. ಫೋನಲ್ಲಿ ಬರೆದದ್ದನ್ನು ತಿದ್ದಿ ತಂದಿದ್ದೇನೆ ಎಂದು ಹಾಳೆಗಳ ಕಟ್ಟು ಕೊಟ್ಟೆ. ಕಟ್ಟು ಬಿಚ್ಚಿ ಕೊನೆಯ ಹಾಳೆಯನ್ನು ಮೊದಲು ಎಳೆದುಕೊಂಡರು. "ಅಲ್ಲಿಗೆ ಬರೋ ಹೊತ್ತಿಗೆ ಕಣ್ಣು ಸೋತಿರ್ತವೆ. ಅದಕ್ಕೇ ಕೊನೇದು ಮೊದಲು ನೋಡ್ತೀನಿ," ಎಂದರು. ನೋಡಿ ಪಕ್ಕಕ್ಕಿಟ್ಟರು. ಆಮೇಲೆ ಮೊದಲ ಪುಟದಿಂದ, ಸಾಲಿನ ಕೆಳಗೆ ಸ್ಟೀಲ್ ಸ್ಕೇಲ್ ಇಟ್ಟುಕೊಂಡು ಗಟ್ಟಿಯಾಗಿ ಓದಲು ಶುರುಮಾಡಿದರು. ಮೂರನೇ ಪುಟದಲ್ಲಿ ಸ್ಕೇಲ್ ನಿಂತಿತು. ನಗುವಿಗೆ ಅವರ ಹೊಟ್ಟೆ ಕುಲುಕತೊಡಗಿತು.

"ಬಸ್ಸಿನ ಮುಂದಿನ ಹಾಸನದಲ್ಲಿ ಅವ್ವ ಕೂತಳು," ಎಂದು ಓದಿದರು. "ಊರಿಗೆ ಊರನ್ನೇ ಬಸ್ಸು ಹತ್ತಿಸಿದ್ದೀಯಲ್ಲಮ್ಮ."

ಕೂರುವ ಆಸನವೂ ಕಂಪ್ಯೂಟರಿನ ಕೈಗೆ ಸಿಕ್ಕಿಬಿಟ್ಟಿತ್ತು. ನನಗೆ ನಗು ಬರಲಿಲ್ಲ.

"ಹ ಬುಟ್ರೆ ಜನ ಆಡ್ಕತಾರೆ ಸಾ," ಎಂದೆ.

"ನಿಮ್ಮವ್ವ ಯಾವತ್ತಾದ್ರೂ ಹಾಸನ ಅಂದಿದ್ಲಾ?"

"ಇಲ್ಲ ಸಾ."

"ಮತ್ತೆ ಇಲ್ಲಿ ಮಾತಾಡ್ತಿರೋಳು ಯಾರು?"

"ನೀವೇ ತಾನೆ ಸಾ ನಿಲ್ಲಿಸ್ಕಂಡು ಕಲ್ಸಿದ್ದು."

ಮೇಷ್ಟ್ರು ಪೆನ್ನಿನ ಮುಚ್ಚಳ ಹುಡುಕುವವರಂತೆ ಮೇಜೆಲ್ಲ ತಡಕಿದರು. "ಕಲಿಸ್ದೆ. ನೀನು ಪರೀಕ್ಷೇಲಿ ಸರಿಯಾಗಿ ಬರೀಲಿ ಅಂತ. ನಿಮ್ಮವ್ವನ್ನ ತಿದ್ದು ಅಂದಿದ್ನಾ?" ಪಕ್ಕಕ್ಕಿಟ್ಟಿದ್ದ ಕೊನೆಯ ಹಾಳೆಯನ್ನು ಮುಂದಕ್ಕೆಳೆದು, "ಫೋನಲ್ಲಿ ಮೊದಲು ಬರೆದದ್ದು ಇದೆಯಲ್ಲ, ಅದರ ಕೊನೆ ಕಂತು ಓದು," ಎಂದರು.

ಓದಿದೆ. ಆಸ್ಪತ್ರೆಯ ಮಂಚದ ಮೇಲೆ ಅವ್ವನಿಗೆ ಮನೆಯ ಒಲೆ ಕಾಣುತ್ತಿರುತ್ತದೆ. "ವಲೆ ಮ್ಯಾಲೆ ಆಲು ಮಡಗಿವ್ನಿ, ನೋಡ್ಕೊ. ಓಗ್ಬತ್ತೀನಿ ಕಣವ್ವ," ಎನ್ನುತ್ತಾಳೆ. ಅಲ್ಲಿಗೆ ಕತೆ ಮುಗಿಯುತ್ತದೆ. ಪುಸ್ತಕಕ್ಕಾಗಿ ಅದನ್ನೇ ನಾನು 'ಹೋಗಿ ಬರುತ್ತೇನೆ ಮಗಳೇ' ಎಂದು ಮಾಡಿದ್ದೆ. ಮೇಷ್ಟ್ರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

"ಫೋನಲ್ಲಿರೋದನ್ನ ಪ್ರೆಸ್ಸಿನವರಿಗೆ ಕಳಿಸಿ, ಕಟ್ಟು ಬಿಟ್ಟು ಹೋಗು. ಎರಡೂ ಪಕ್ಕಪಕ್ಕ ಇಟ್ಕೊಂಡು ನಾನು ನೋಡ್ತೀನಿ."

ಎರಡು ವಾರ ಕಳೆದಿರಬೇಕು, ಪ್ರೆಸ್ಸಿನವರ ಫೋನ್ ಬಂತು. "ಮೇಷ್ಟ್ರು ಓಗ್ಬುಟ್ರು ಕಣಮ್ಮ. ಬೆಳಿಗ್ಗೆ ಕಾಫಿ ಕುಡಿಯಕ್ಕೆ ಕುಂತಿದ್ದೋರು, ಅಂಗೇ." ನಾನು ಆಗ ಮಕ್ಕಳ ತೂಕ ನೋಡುತ್ತಿದ್ದೆ. ತಕ್ಕಡಿಯಲ್ಲಿದ್ದ ಮಗುವಿನ ತೂಕ ಬರೆದುಕೊಂಡೆ, ಇಳಿಸಿದೆ, ಮುಂದಿನ ಮಗುವನ್ನು ಕೂರಿಸಿದೆ. ಮಧ್ಯಾಹ್ನ ಬಸ್ಸು ಹಿಡಿದು ಅವರ ಮನೆಗೆ ಹೋದೆ. ಮೂಗಿಗೆ ಹತ್ತಿ ಇಟ್ಟು ಮಲಗಿಸಿದ್ದರು. ಉಗುರು ಕೆಂಪಗೇ ಇತ್ತು. ಒಳಗೆ ಏನಾದರೂ ಆಗುತ್ತದೆ ಎಂದು ಕಾದೆ. ಏನೂ ಆಗಲಿಲ್ಲ. ಅವ್ವನ ಹತ್ತಿರವೂ ಹೀಗೇ ಮರದ ಹಾಗೆ ನಿಂತಿದ್ದೆ.

ತಿಥಿ ಕಳೆದ ಮೇಲೆ ಅವರ ಹೆಂಡತಿ ಕರಡಿನ ಕಟ್ಟು ತಂದುಕೊಟ್ಟರು. "ಇದು ನಿಂದೇ ಇರ್ಬೇಕು ನೋಡವ್ವ. ದಿನಾ ಗಟ್ಟಿಯಾಗಿ ಓದ್ತಿದ್ರು. ಅಡುಗೆಮನೇಲಿದ್ರೆ ಯಾರೋ ಎಂಗಸು ಬಂದು ಮಾತಾಡ್ದಂಗೆ ಕೇಳೋದು," ಎಂದರು.

ಬಸ್ ಸ್ಟ್ಯಾಂಡಿನಲ್ಲಿ ಬಿಚ್ಚಿ ನೋಡಿದೆ. ಸುಮಾರು ಅರ್ಧದವರೆಗೆ ನಾನು ತುರುಕಿದ ಒಂದೊಂದು ಹ ಮೇಲೂ ಕೆಂಪು ಗೆರೆ ಬಿದ್ದಿತ್ತು. ಅಲ್ಲಿಂದಾಚೆ ಹಾಳೆಗಳಲ್ಲಿ ಕೆಂಪು ಇರಲಿಲ್ಲ. ಆ ಪುಟಗಳನ್ನು ಆಮೇಲೆ ನಾನೇ ತಿದ್ದಿದೆ. ಪುಸ್ತಕ ಬಂದಿದೆ, ಅದರಲ್ಲಿ ಅವ್ವ ತನ್ನಂತೆಯೇ ಮಾತಾಡುತ್ತಾಳೆ. ಆದರೆ ಒಂದು ಪುಟ ಮಾತ್ರ ನನಗೆ ತಿದ್ದಲು ಉಳಿದಿರಲಿಲ್ಲ. ಕೊನೆಯದನ್ನು ಅವರು ಮೊದಲೇ ಮುಗಿಸಿದ್ದರು. ನನ್ನ ಸಾಲನ್ನು ಪೂರ್ತಿ ಹೊಡೆದುಹಾಕಿ, ಪಕ್ಕದಲ್ಲಿ ಕಪ್ಪು ಹಲಗೆಯ ಮೇಲೆ ಬರೆಯುತ್ತಿದ್ದ ಅದೇ ದುಂಡು ಅಕ್ಷರದಲ್ಲಿ ಬರೆದಿದ್ದರು: ಓಗ್ಬತ್ತೀನಿ ಕಣವ್ವ.

ಒಂದು ಹಕಾರಕ್ಕಾಗಿ ನನ್ನನ್ನು ಮಧ್ಯಾಹ್ನವಿಡೀ ನಿಲ್ಲಿಸಿದ್ದ ಕೈ ಅದು.

ಬಸ್ಸು ಬಂತು. ಕಿಟಕಿ ಪಕ್ಕದ ಆಸನದಲ್ಲಿ ಕೂತು, ಅಂಗೈ ಬಾಯಿ ಮುಂದೆ ಹಿಡಿದು ಆ ಸಾಲನ್ನು ಮೆಲ್ಲಗೆ ಓದಿದೆ. ಉಸಿರು ತಾಗಲಿಲ್ಲ.