ಅತ್ತೆಯ ಅಂಗೈ ತೂಕ

ನಮ್ಮ ಅತ್ತೆಗೆ ಓದಲು ಬರುತ್ತಿರಲಿಲ್ಲ. ಆದರೆ ಅರ್ಧ ಕಿಲೋ ಸಕ್ಕರೆಯ ಪುಡಿಕೆಯನ್ನು ಅಂಗೈ ಮೇಲೆ ಇಟ್ಟುಕೊಂಡು, ಒಂದು ಸಲ ಮೇಲೆ ಕೆಳಗೆ ಆಡಿಸಿ, "ಇದರಾಗ ಇನ್ನ ಎರಡ ಚಮಚಾ ಹಾಕ್ರಿ" ಎಂದರೆ, ಅಂಗಡಿಯವನು ತಕ್ಕಡಿ ನೋಡುವ ಗೋಜಿಗೇ ಹೋಗದೆ ಹಾಕಿಬಿಡುತ್ತಿದ್ದ. ನಾನು ಅಥಣಿಯಿಂದ ನಿಪ್ಪಾಣಿಗೆ ಸೊಸೆಯಾಗಿ ಬಂದದ್ದು ಎಂಬತ್ತರ ದಶಕದ ಕೊನೆಯಲ್ಲಿ. ಬಿ.ಎ. ಎರಡು ವರ್ಷ ಮುಗಿಸಿದ್ದೆ, ಒಂದು ವರ್ಷ ಉಳಿದಿತ್ತು. ಅಷ್ಟು ಓದಿದವಳೆಂಬ ಜಂಬಕ್ಕೇನೂ ಕಡಿಮೆ ಇರಲಿಲ್ಲ. ಅತ್ತೆ ಸುಮ್ಮನೆ ಬಾಯಿಗೆ ಬಂದದ್ದು ಹೇಳುತ್ತಾರೆ ಎಂದುಕೊಂಡು, ಮೊದಲ ತಿಂಗಳಲ್ಲೇ ನಾನು ಕೊಂಡು ತಂದಿದ್ದ, ಅವರು ಕಡಿಮೆ ಇದೆ ಎಂದ ಒಂದು ಪುಡಿಕೆಯನ್ನು ಗುಟ್ಟಾಗಿ ಇನ್ನೊಂದು ಅಂಗಡಿಗೆ ಒಯ್ದು ತೂಗಿಸಿದೆ. ಅವರು ಹೇಳಿದಷ್ಟೇ ಕಡಿಮೆ ಇತ್ತು. ಅವತ್ತಿನಿಂದ ಅತ್ತೆಯ ಅಂಗೈ ಬಗ್ಗೆ ನಾನು ತುಟಿ ಪಿಟಕ್ಕೆನ್ನಲಿಲ್ಲ.

ಮಾವ ತಂಬಾಕು ಕೂಡಿಡುವ ವಖಾರಿಯಲ್ಲಿ ಗುಮಾಸ್ತರು. ತಿಂಗಳ ಮೊದಲಿಗೆ ಕಿರಾಣಿಗೆಂದು ಇಷ್ಟು ಎಂದು ಅತ್ತೆಯ ಕೈಗೆ ಕೊಟ್ಟರೆ ಮುಗಿಯಿತು, ಮುಂದಿನ ತಿಂಗಳ ತನಕ ಅವರಿಗೂ ಅಡುಗೆಮನೆಗೂ ಊಟದ ಸಂಬಂಧ ಮಾತ್ರ. ನನ್ನ ಯಜಮಾನರಿಗೆ ಆಗಿನ್ನೂ ಗಟ್ಟಿ ಕೆಲಸವಿರಲಿಲ್ಲ. ಕಾಲೇಜಿಗೆ ಹೋಗದೆ ಮನೆಯಲ್ಲೇ ಓದಿ ಕೊನೆಯ ವರ್ಷದ ಪರೀಕ್ಷೆ ಕಟ್ಟುತ್ತೇನೆ ಎಂದು ಒಂದು ದಿನ ಧೈರ್ಯ ಮಾಡಿ ಕೇಳಿದೆ. ಮಾವ ಕೆಟ್ಟವರಲ್ಲ. "ಓದಬ್ಯಾಡ ಅನ್ನೂದಿಲ್ಲವ್ವಾ. ಆದ್ರ ನನ್ನ ಪಗಾರದಾಗ ಅದಕ್ಕ ಜಾಗಾ ಇಲ್ಲ" ಎಂದರು. ಯಜಮಾನರು ನೆಲ ನೋಡಿದರು. ನಾನು ಹಿತ್ತಲಿಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೊಮ್ಮೆ ಸದ್ದು ಮಾಡುತ್ತ ತೊಳೆದೆ.

ಸಂಜೆ ರೊಟ್ಟಿ ಬಡಿಯುತ್ತ ಅತ್ತೆ ನನ್ನ ಕಡೆ ನೋಡದೆಯೇ ಹೇಳಿದರು: "ಕಿರಾಣಿ ನನ್ನ ಕೈಯಾಗ ಐತೆಲ್ಲ. ಅದರಾಗ ನಿನ್ನ ಫೀ ಹುಟ್ಟಸ್ತೀನಿ. ಯಾರ ಮುಂದೂ ಆಡಬ್ಯಾಡ." ಫೀ ಕಟ್ಟುವ ಕೊನೆಯ ದಿನ ದೀಪಾವಳಿ ಮುಗಿದ ಮೇಲೆ ಇತ್ತು. ಜೀರಿಗೆಯ ಹಳೆಯ ಡಬ್ಬಿಯೊಂದು ಅವತ್ತಿನಿಂದ ನನ್ನ ಫೀ ಡಬ್ಬಿಯಾಯಿತು.

ಆಮೇಲೆ ನಾನು ಕಂಡದ್ದು ಅತ್ತೆಯ ನಿಜವಾದ ವಿದ್ಯೆ. ಬೆಲ್ಲ ಅವರು ನಿಪ್ಪಾಣಿಯಲ್ಲಿ ಕೊಳ್ಳುತ್ತಿರಲಿಲ್ಲ. ಬೇಡಕಿಹಾಳದ ಕಡೆ ಕಬ್ಬಿನ ಗಾಣ ಶುರುವಾದಾಗ ಬಸ್ಸು ಹತ್ತಿ ಹೋಗಿ, ಅಚ್ಚಿನಿಂದ ತೆಗೆಯುವಾಗ ಒಡೆದ ಬೆಲ್ಲದ ಚೂರುಗಳನ್ನು ಅರ್ಧ ಬೆಲೆಗೆ ತರುತ್ತಿದ್ದರು. "ಹೊಟ್ಟ್ಯಾಗ ಹೋದ ಮ್ಯಾಲೆ ಎಲ್ಲಾ ಬೆಲ್ಲಾನೂ ಒಡದದ್ದ" ಎನ್ನುತ್ತಿದ್ದರು. ಜೋಳವನ್ನು ಹಲ್ಲಲ್ಲಿ ಕಡಿದು ನೋಡಿ ಹೊಸದೋ ಹಳೆಯದೋ ಹೇಳುತ್ತಿದ್ದರು. ಸಂತೆಗೆ ಹೋಗುವುದು ಎಲ್ಲರೂ ಗಂಟು ಕಟ್ಟುವ ಹೊತ್ತಿಗೆ, ಅದೂ ಬೇಕೆಂದೇ ಸಣ್ಣ ಚೀಲ ಹಿಡಿದುಕೊಂಡು. ಚೀಲ ದೊಡ್ಡದಿದ್ದರೆ ಕಣ್ಣೂ ದೊಡ್ಡದಾಗುತ್ತದೆ ಎಂದು ಅವರ ಲೆಕ್ಕ.

ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ ಹೆದ್ದಾರಿಯ ಕಡೆ ಒಂದು ದೊಡ್ಡ ಅಂಗಡಿ ತೆರೆಯಿತು. ಜನ ಅದನ್ನು ಬರೀ 'ಬಜಾರ' ಎಂದು ಕರೆದರು. ನಾವೇ ಒಳಗೆ ಓಡಾಡಿ, ಬೇಕಾದ್ದನ್ನು ನಾವೇ ಎತ್ತಿಕೊಳ್ಳುವ ಅಂಗಡಿಯನ್ನು ನಮ್ಮ ಓಣಿಯವರು ಅದುವರೆಗೆ ನೋಡಿರಲಿಲ್ಲ. ಬಾಗಿಲಲ್ಲಿ ಪ್ಲಾಸ್ಟಿಕ್ ಬುಟ್ಟಿ ಕೊಡುತ್ತಿದ್ದರು. ಅತ್ತೆ ಬುಟ್ಟಿಯನ್ನು ಮುಟ್ಟಲಿಲ್ಲ. "ನನ್ನ ಎರಡ ಕೈಯಾಗ ಹಿಡಿಸಿದಷ್ಟ ಸಾಕು" ಎಂದು ಒಳಗೆ ಹೋಗಿ, ಇಡೀ ಅಂಗಡಿಯನ್ನು ಎರಡು ಸುತ್ತು ಹಾಕಿ, ಒಂದಕ್ಕೊಂದು ಫುಕಟ ಇದ್ದ ಬಟ್ಟೆ ಸಾಬೂನು ಮಾತ್ರ ತಂದರು. ಅಲ್ಲಿಂದ ನೇರ ನಮ್ಮ ಓಣಿಯ ಮೂಲೆ ಅಂಗಡಿಗೆ ಹೋಗಿ, ಸಕ್ಕರೆ ಬಜಾರದಲ್ಲಿ ಎಂಟಾಣೆ ಕಡಿಮೆ ಇದೆ ಎಂದು ಸುದ್ದಿ ಮುಟ್ಟಿಸಿದರು.

"ಅಲ್ಲಿ ಬಾಯಾಗ ಹಾಕ್ಕೊಳ್ಳಾಕ ಬೆಲ್ಲದ ತುಂಡ ಕೊಡತಾರೇನ್ರಿ ಮಾವಶಿ?" ಎಂದ ಮೂಲೆ ಅಂಗಡಿಯವನು. ಅವನು ಮರಾಠಿಗ, ಅತ್ತೆಯನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎಂದೂ ನನ್ನನ್ನು ವೈನಿ, ಅಂದರೆ ಅತ್ತಿಗೆ, ಎಂದೂ ಕರೆಯುತ್ತಿದ್ದ.

"ಕೊಡೂದಿಲ್ಲ. ಅದಕ್ಕ ನಿನ್ನ ಕಡೆ ಬಂದೀನಿ. ನಾಲ್ಕಾಣೆ ನೀ ಬಿಡು, ನಾಲ್ಕಾಣೆ ನಾ ಬಿಡ್ತೀನಿ" ಎಂದು ಅತ್ತೆ ಬೆಲ್ಲದ ತುಂಡು ಬಾಯಿಗೆ ಹಾಕಿಕೊಂಡರು. ನಾನು ನಗು ತಡೆಯಲಾರದೆ ಸೆರಗು ಕಚ್ಚಿದೆ.

ಹೀಗೆ ಹನಿ ಹನಿಯಾಗಿ ಬೇಸಿಗೆ ಮುಗಿಯುವುದರೊಳಗೆ ಫೀಯ ಮುಕ್ಕಾಲು ಪಾಲು ಡಬ್ಬಿಯಲ್ಲಿ ಕೂಡಿತು. ಅದನ್ನು ಹಾಳುಮಾಡಿದವಳು ನಾನು.

ನಮ್ಮದು ಜೈನರ ಮನೆ. ಮಳೆಗಾಲದ ನಾಲ್ಕು ತಿಂಗಳು, ಅಂದರೆ ಚಾತುರ್ಮಾಸದಲ್ಲಿ, ನಾವು ಸೊಪ್ಪು ತಿನ್ನುವುದಿಲ್ಲ. ಗಡ್ಡೆ ಗೆಣಸಂತೂ ಮೊದಲೇ ಇಲ್ಲ. ಹೀಗಾಗಿ ಕಾಳುಗಳ ಮೇಲೇ ಮನೆ ನಡೆಯಬೇಕು. ಅತ್ತೆ ಬೇಸಿಗೆಯಲ್ಲೇ ಹೆಸರುಕಾಳು ಕೊಂಡು, ಬಿಸಿಲಿಗೆ ಒಣಗಿಸಿ, ಔಡಲ ಎಣ್ಣೆ ಸವರಿ, ಒಣ ಬೇವಿನ ಎಲೆ ಹಾಕಿ ಇಡುತ್ತಿದ್ದರು. ಆ ವರ್ಷ ನಾನು ಬೇಡವೆಂದೆ. ಬಜಾರದ ಹ್ಯಾಂಡ್‌ಬಿಲ್ ನನ್ನ ಕೈಗೆ ಸಿಕ್ಕಿತ್ತು. ಮಳೆಗಾಲದ ಸ್ಕೀಮು: ಇಪ್ಪತ್ತು ಕಿಲೋ ಹೆಸರುಕಾಳಿಗೆ ನಾಲ್ಕು ಕಿಲೋ ಫುಕಟ, ಮೇಲೊಂದು ಸ್ಟೀಲ್ ಡಬ್ಬಿ. ಓದು ಬರುವವಳು ನಾನಲ್ಲವೇ? ಗಟ್ಟಿಯಾಗಿ ಓದಿ ಹೇಳಿದೆ. ಅತ್ತೆ "ಮಳಿಗಾಲದಾಗ ಕಾಳ?" ಎಂದು ಒಮ್ಮೆ ಕೇಳಿ, ನನ್ನ ಉತ್ಸಾಹ ನೋಡಿ ಸುಮ್ಮನಾದರು. ನಮಗೆ ಬೇಕಾದದ್ದು ಹತ್ತು ಕಿಲೋ. ಉಳಿದದ್ದನ್ನು ಹಂಚಿಕೊಳ್ಳುತ್ತೇವೆಂದು ಓಣಿಯ ಇಬ್ಬರು ಹೆಂಗಸರು ಒಪ್ಪಿದ್ದರು. ಅವರ ಪಾಲಿನ ಹಣ ಆಮೇಲೆ ಬರುತ್ತದಲ್ಲ ಎಂದು ಜೀರಿಗೆ ಡಬ್ಬಿ ಬಗ್ಗಿಸಿಬಿಟ್ಟೆ.

ಹತ್ತೇ ದಿನ. ಚಾತುರ್ಮಾಸಕ್ಕೆ ಎರಡು ದಿನ ಮೊದಲು ಪಾಲು ಮಾಡಲೆಂದು ಚೀಲ ಬಿಚ್ಚಿದೆ. ಕಾಳಿನ ಮೇಲೆಲ್ಲ ಕಂದು ನುಸಿಗಳು ಹರಿದಾಡುತ್ತಿದ್ದವು. ಕೈ ಹಾಕಿದರೆ ಮೊಣಕೈ ತನಕ ಏರಿಬಂದವು. ಎಷ್ಟೋ ಕಾಳಿಗೆ ಸೂಜಿಯಿಂದ ಚುಚ್ಚಿದಂತೆ ತೂತು.

ನಾನು ಚಪ್ಪಲಿ ಮೆಟ್ಟಿ ಬಜಾರಕ್ಕೆ ಓಡಿದೆ. ಅಲ್ಲಿಯವರು ಜಗಳವನ್ನೇನೂ ಮಾಡಲಿಲ್ಲ. ಈ ಹವೆಗೆ ಹಾಗಾಗುತ್ತದೆ, ಚೀಲ ತನ್ನಿ, ಹಣ ವಾಪಸ್ ಕೊಡುತ್ತೇವೆ ಎಂದರು. ಹೋದ ಜೀವ ಬಂದಂತಾಯಿತು. ಮನೆಗೆ ಬಂದು ಅತ್ತೆಗೆ ಹೇಳಿದೆ.

ಅತ್ತೆ ಕೇಳಿದ್ದು ಒಂದೇ ಮಾತು: "ವಾಪಸ್ ತಗೊಂಡ ಮ್ಯಾಲೆ ಇವನ್ನ ಏನ ಮಾಡತಾರಂತ?"

"ಬಿಸಲಿಗೆ ಹಾಕತಾರಂತ್ರಿ. ಹೋಗಲಿಲ್ಲಂದ್ರ ಔಷಧ ಹೊಡೀತಾರಂತ."

"ಹಂಗಾರ ಬ್ಯಾಡ."

ಎರಡು ಚಮಚ ಸಕ್ಕರೆಗಾಗಿ ಅಂಗಡಿಯವನ ಬೆವರಿಳಿಸುವ ಹೆಂಗಸು ಇವರೇನಾ ಎನಿಸಿತು. ನನಗೆ ಸಿಟ್ಟು ನೆತ್ತಿಗೇರಿತು. "ಅತ್ತಿ, ಅದು ನನ್ನ ಫೀ ರೊಕ್ಕಾರಿ! ನುಶಿ ಸಲುವಾಗಿ ನನ್ನ ವರ್ಷ ಹಾಳ ಮಾಡತೀರೇನು?" ಎಂದು ಕಿರುಚಿದೆ. ಅತ್ತೆಯ ಎದುರು ನಾನು ದನಿ ಎತ್ತಿದ್ದು ಅದೇ ಮೊದಲು.

"ನಿನ್ನ ಫೀದು ನಾ ನೋಡ್ಕೋತೀನಿ. ಇವು ನಮ್ಮ ಮನಿಗೆ ಬಂದಾವು. ನಮ್ಮ ಕೈಯಿಂದ ಸಾಯಾಕ ಹೋಗೂದ ಬ್ಯಾಡ" ಎಂದು ಮೊರ ತೆಗೆದುಕೊಂಡು ಪಡಸಾಲೆಯ ನೆರಳಿನಲ್ಲಿ ಕುಳಿತರು.

ನಾಲ್ಕು ದಿನ ಕುಳಿತರು. ಕಾಳನ್ನು ಮೊರದಲ್ಲಿ ಹರಡುವುದು, ಓಡಾಡುವ ನುಸಿಯನ್ನು ಮೆತ್ತಗೆ ಹತ್ತಿಯಿಂದ ಎತ್ತುವುದು, ತೂತು ಬಿದ್ದ ಕಾಳನ್ನು ಒಂದೊಂದಾಗಿ ಬೇರೆ ಮಾಡುವುದು. ತೂತಿನ ಕಾಳನ್ನು ಬೇಯಿಸುವಂತಿಲ್ಲ, ಒಳಗಿನ ಜೀವವೂ ಬೇಯುತ್ತದೆ. ನುಸಿಯನ್ನೂ ಆ ಕಾಳನ್ನೂ ಒಂದು ಹಳೆಯ ಗಡಿಗೆಗೆ ಹಾಕಿ ಹಿತ್ತಲ ನೆರಳಿನಲ್ಲಿ ಇಟ್ಟರು. ಮೊದಲ ದಿನ ನಾನು ಮುಖ ಊದಿಸಿಕೊಂಡು ಅಡುಗೆಮನೆಯಲ್ಲೇ ಇದ್ದೆ. ಎರಡನೆಯ ದಿನ ನಾಚಿಕೆಯಾಗಿ ಎದುರು ಹೋಗಿ ಕುಳಿತೆ. ಅತ್ತೆ ಮೊರವನ್ನು ನನ್ನ ಕಡೆ ಸರಿಸಿ ಹೇಳಿದರು: "ಸ್ಕೀಮಿನ್ಯಾಗ ಇವೂ ಫುಕಟ ಬಂದಾವ ನೋಡು. ಹ್ಯಾಂಡ್‌ಬಿಲ್‌ನ್ಯಾಗ ಬರದಿದ್ದಿಲ್ಲೇನ?" ಅಷ್ಟು ದುಃಖದಲ್ಲೂ ನನಗೆ ನಗು ಬಂದುಬಿಟ್ಟಿತು. ಇಪ್ಪತ್ನಾಲ್ಕು ಕಿಲೋದಲ್ಲಿ ಉಳಿದದ್ದು ಆರು ಕಿಲೋ ಇರಬಹುದು. ಓಣಿಯವರಿಗೆ ಕೊಡಲು ಏನೂ ಇರಲಿಲ್ಲ, ಅವರಿಂದ ಬರಬೇಕಾದ ಹಣವೂ ಬರಲಿಲ್ಲ.

ಆ ನಡುವೆಯೇ ಚಾತುರ್ಮಾಸ ಹಿಡಿಯಿತು. ನಮ್ಮಲ್ಲಿ ಆ ನಾಲ್ಕು ತಿಂಗಳಿಗೆ ಹೆಂಗಸರು ಏನಾದರೊಂದು ಪದಾರ್ಥ ಬಿಡುವ ವ್ರತ ಹಿಡಿಯುತ್ತಾರೆ. ಒಬ್ಬರು ಮೊಸರು ಬಿಟ್ಟರೆ ಇನ್ನೊಬ್ಬರು ಉಪ್ಪು ಬಿಡುತ್ತಾರೆ. ಅತ್ತೆ ಬಸದಿಯಿಂದ ಬಂದವರೇ, ಈ ಸಲ ತುಪ್ಪ, ಸಕ್ಕರೆ, ಚಹಾ ಮೂರನ್ನೂ ಬಿಟ್ಟಿದ್ದೇನೆ ಎಂದರು. ನಾವೆಲ್ಲ ಬೆರಗಾದೆವು. ಅತ್ತೆಗೆ ದಿನಕ್ಕೆ ಐದು ಸಲ ಚಹಾ ಬೇಕು, ಅದೂ ಪಾಕದಂಥ ಸಿಹಿ ಚಹಾ. ಮೊದಲ ವಾರ ತಲೆಗೆ ಬಟ್ಟೆ ಕಟ್ಟಿಕೊಂಡು ಓಡಾಡಿದರು, ಮಾವನ ಮೇಲೆ, ಬೆಕ್ಕಿನ ಮೇಲೆ, ನಲ್ಲಿ ನೀರಿನ ಮೇಲೆ ಸಿಡುಕಿದರು. "ಇಷ್ಟ ಸಿಟ್ಟ ಬರೂದಿದ್ರ ಪುಣ್ಯಾ ಎಲ್ಲೀದ್ರಿ?" ಎಂದು ನಾನೇ ಚುಚ್ಚಿದೆ. ಆ ಮಾತು ನೆನೆದರೆ ಇವತ್ತಿಗೂ ನನಗೆ ನನ್ನ ಮೇಲೆ ಅಸಹ್ಯವಾಗುತ್ತದೆ.

ದೀಪಾವಳಿ ಆಯಿತು. ಫೀಗೆ ಇನ್ನು ಮೂರು ದಿನವಿರುವಾಗ ಅತ್ತೆ ಜೀರಿಗೆ ಡಬ್ಬಿಯನ್ನು ನನ್ನ ಮಡಿಲಲ್ಲಿಟ್ಟರು. ಪೂರ್ತಿ ಇತ್ತು. "ಎಲ್ಲಿಂದ ಬಂತ್ರಿ?" ಎಂದರೆ, "ಹುಟ್ಟಸ್ತೀನಿ ಅಂದಿದ್ದಿಲ್ಲೇನ" ಎಂದು ಎದ್ದು ಹೋದರು. ಅವರ ಅಂಗೈ ಏನು ಬೇಕಾದರೂ ಮಾಡೀತು ಎಂದು ನಾನೂ ನಂಬಿ ಫೀ ಕಟ್ಟಿ ಬಂದೆ.

ವ್ರತ ಮುಗಿದು ತಿಂಗಳಾದ ಮೇಲೆ ಮೂಲೆ ಅಂಗಡಿಯವನು ಕೇಳಿದ: "ವೈನಿ, ಮಾವಶಿ ಇನ್ನೂ ಚಹಾಪುಡಿ ಅರ್ಧಾನ ಒಯ್ಯಾಕತ್ತಾರಲ್ಲ? ಚಾತುರ್ಮಾಸ ಮುಗದಿಲ್ಲೇನ್ರಿ? ಸಕ್ಕರೀನೂ ಅಷ್ಟ, ತುಪ್ಪಾನೂ ಅಷ್ಟ."

ಆಗ ನನ್ನ ತಲೆಗೆ ಹೊಳೆಯಿತು. ದುಂದು ಖರ್ಚೆಂಬುದೇ ಇಲ್ಲದ ಆ ಮನೆಯಲ್ಲಿ ಉಳಿಸಲು ಬೇರೆ ಏನಿತ್ತು? ಅತ್ತೆ ತಮ್ಮ ನಾಲಿಗೆಯಿಂದಲೇ ತೆಗೆದು ಡಬ್ಬಿಗೆ ಹಾಕಿದ್ದರು. ಪರೀಕ್ಷೆಯ ಪುಸ್ತಕಕ್ಕೂ ಬಸ್ಸಿಗೂ ಬೇಕಲ್ಲ ಎಂದು ಈಗಲೂ ಹಾಕುತ್ತಿದ್ದರು. ಮನೆಗೆ ಬಂದು ಅಳುತ್ತಲೇ ಜಗಳ ತೆಗೆದೆ: "ಸುಳ್ಳ ವ್ರತ ಹಿಡದ್ರೇನ್ರಿ ನೀವು?"

"ಸುಳ್ಳ ಯಾಕ? ಬಿಟ್ಟದ್ದು ಖರೇನ ಬಿಟ್ಟೀನಿ" ಎಂದರು ಅತ್ತೆ, ಹುಣಸೆಹಣ್ಣಿನ ಬೀಜ ಬಿಡಿಸುತ್ತ. "ಪುಣ್ಯಾ ನನಗ, ರೊಕ್ಕಾ ನಿನಗ. ಪರೀಕ್ಷಾ ಮುಗೀಲಿ, ಆಮ್ಯಾಲೆ ಕುಡೀತೀನಿ. ಈಗ ಕಣ್ಣ ಒರಸ್ಕೊಂಡ ಓದು ಹೋಗು."

ಪಾಸಾದೆ. ಪಾಸಾದ ಮೇಲೆ ಅತ್ತೆ ಚಹಾ ಶುರು ಮಾಡಿದರು, ಆದರೆ ಬೆಳಿಗ್ಗೆ ಒಂದೇ ಬಟ್ಟಲು. ನಾಲಿಗೆಗೆ ರೂಢಿ ತಪ್ಪಿದೆ ಎಂದು ಸುಳ್ಳು ಹೇಳಿದರು. ಮುಂದಿನ ವರ್ಷ ಅಕ್ಕೋಳದ ಒಂದು ಖಾಸಗಿ ಶಾಲೆಯಲ್ಲಿ ನನಗೆ ಕೆಲಸ ಸಿಕ್ಕಿತು. ಮೊದಲ ಪಗಾರದ ದಿನ ಬಸ್ಸಿಳಿದು ನೇರ ಮೂಲೆ ಅಂಗಡಿಗೆ ಹೋಗಿ, ಇದ್ದುದರಲ್ಲೇ ಒಳ್ಳೆಯ ಚಹಾಪುಡಿ ಅರ್ಧ ಕಿಲೋ ಕಟ್ಟಿಸಿದೆ. ಅವನು ರೂಢಿಯಂತೆ ತಾನೇ ಎಂಟಾಣೆ ಕಡಿಮೆ ಮಾಡಿದ. ನಾನು ಆ ಎಂಟಾಣೆಯನ್ನು ಅವನ ತಕ್ಕಡಿಯ ಮೇಲೆ ಇಟ್ಟು ಬಂದೆ.

ಅತ್ತೆ ಪುಡಿಕೆಯನ್ನು ಅಂಗೈ ಮೇಲೆ ಇಟ್ಟು ಆಡಿಸಿದರು. "ತೂಕ ಬರೋಬರಿ ಐತಿ. ಎಷ್ಟ ಕೊಟ್ಟಿ?"

ಹೇಳಿದೆ.

"ಪೂರಾ ರೇಟ ಕೊಟ್ಟ ಬಂದ್ಯಾ? ಹುಚ್ಚಿ! ಇಷ್ಟ ದಿನಾ ಏನ ಕಲಿಸಿದೆ ನಾ ನಿನಗ? ಬಜಾರದಾಗ ರೇಟ ಕೇಳಬೇಕು, ಅವಗ ಹೇಳಬೇಕು..."

ನೀರು ಕುದಿಯುವ ತನಕ ಬೈದರು. ಹಾಲು ಹಾಕುವಾಗಲೂ ಬೈದರು. ನಾನು ಮೂರು ಚಮಚ ಸಕ್ಕರೆ ಹಾಕಿ ಬಟ್ಟಲು ಕೈಗೆ ಕೊಟ್ಟೆ. ಅತ್ತೆ ಊದಿ ಊದಿ, ಕೊನೆಯ ಗುಟುಕಿನ ತನಕ ಒಂದು ಮಾತನ್ನೂ ಆಡದೆ ಕುಡಿದರು. ಆಮೇಲೆ ನನ್ನ ಮುಖ ನೋಡದೆ ಬಟ್ಟಲನ್ನು ಮುಂದೆ ಚಾಚಿದರು.

"ಇನ್ನೊಂದ ಹಾಕು. ತುಂಬ ಹಾಕು."