ಕಾಕು ಚೆಲ್ಲದ ನೀರು

ಶುದ್ಧಿಯಿಂದಲೇ ಜೀವ ಉಳಿಯುತ್ತದೆ ಎಂಬ ಮಾತನ್ನು ಆಚಾರವಂತರು, ಡಾಕ್ಟರು, ಸಾಬೂನು ಮಾರುವವರು ಮೂವರೂ ಒಪ್ಪುತ್ತಾರೆ. ಇಷ್ಟು ಬಗೆಯ ಜನ ಒಪ್ಪಿದ ಸತ್ಯ ಲೋಕದಲ್ಲಿ ಇನ್ನೊಂದು ಇರಲಾರದು. ನಮ್ಮ ಕಾಕು, ಎಂದರೆ ಚಿಕ್ಕಪ್ಪನ ಹೆಂಡತಿ, ಈ ಸತ್ಯವನ್ನು ನಿಷ್ಠೆಯಿಂದ ಆಚರಿಸಿ, ಒಂದೇ ತಿಂಗಳಲ್ಲಿ ಒಂದು ತೊಟ್ಟಿ ಮೀನುಗಳನ್ನು ಕೊಂದಳು.

ಅವಳ ಕೈ ಹೇಗಿತ್ತೆಂದರೆ, ಬೆರಳ ತುದಿಗಳು ಸದಾ ನೆನೆದು ಬಿಳಿಚಿ, ರಾತ್ರಿ ನೆನೆಹಾಕಿದ ಕಡಲೆಯ ಹಾಗೆ ಸುಕ್ಕುಗಟ್ಟಿರುತ್ತಿದ್ದವು. ಉಗುರಿನ ಸುತ್ತ ಸೀಳು, ಸೀಳಿನಲ್ಲಿ ಹುಣಸೆಹಣ್ಣಿನ ಕಪ್ಪು. ಜೇವರ್ಗಿ ಕಾಲೋನಿಯ ಆ ಬಾಡಿಗೆ ಮನೆಯಲ್ಲಿ ನಲ್ಲಿಗೆ ನೀರು ಬರುವುದು ದಿನಕ್ಕೆ ಒಂದೇ ತಾಸು. ಆದರೂ ತೊಳೆಯದೆ ಉಳಿದ ವಸ್ತು ಎಂದರೆ ಬಹುಶಃ ಕರೆಂಟಿನ ಮೀಟರು ಒಂದೇ. ಬಾಗಿಲ ಚಿಲಕ ತೊಳೆಯುತ್ತಿದ್ದಳು. ಅಂಗಡಿಯಿಂದ ತಂದ ಸಕ್ಕರೆಯನ್ನು ತೊಳೆಯಲಾಗುವುದಿಲ್ಲವೆಂಬುದು ಅವಳ ಜೀವನದ ಒಂದು ಕೊರಗು. ಹಿಂದಿನ ದಿನ ತುಂಬಿಟ್ಟ ನೀರು ಅವಳ ಲೆಕ್ಕದಲ್ಲಿ ನೀರೇ ಅಲ್ಲ, ಹಳಸಿದ್ದು. "ನೀರಿಗೂ ವಯಸ್ಸಾಗತದ ಬಾಳಾ" ಎನ್ನುತ್ತಿದ್ದಳು. ಕಮಲಾಪುರದಿಂದ ಓದಲೆಂದು ಬಂದ ನನಗೆ ಡಿಗ್ರಿ ಮುಗಿಯುವವರೆಗೂ ಎರಡು ಹೊತ್ತು ಹಾಕಿದವಳು ಅವಳೇ. ಹಾಕುವ ಮೊದಲು ತಟ್ಟೆಯ ಜೊತೆಗೆ ನನ್ನನ್ನೂ ಒಮ್ಮೆ ತೊಳೆಸುತ್ತಿದ್ದಳು.

ಎಂಬತ್ತರ ದಶಕದ ಕೊನೆಯಲ್ಲಿ ಕಾಕಾಗೆ ಲಕ್ವಾ ಹೊಡೆಯಿತು. ಬಲಗಡೆ ಪೂರ್ತಿ ಹೋಯಿತು, ಮಾತು ಹೋಯಿತು. ಪಡಸಾಲೆಯ ಮಂಚದ ಮೇಲೆ ಮಲಗಿದ ಮನುಷ್ಯನಲ್ಲಿ ಆಡುತ್ತಿದ್ದವು ಎಂದರೆ ಕಣ್ಣು ಎರಡು. "ಕಣ್ಮುಂದ ಏನರ ಓಡಾಡೋದು ಇಡ್ರಿ. ಮನಸ ಹತ್ತಿದ್ರ ಗಂಜಿನೂ ಇಳೀತದ" ಎಂದು ಡಾಕ್ಟರು ಹೇಳಿ ಹೋದರು. ಟಿ.ವಿ. ಹಚ್ಚಿದರೆ ಕಾಕಾ ಗೋಡೆಯ ಕಡೆ ಕಣ್ಣು ತಿರುಗಿಸುತ್ತಿದ್ದರು. ಕೊನೆಗೆ ಅವರ ಕಚೇರಿಯ ಗೆಳೆಯರು ಕೂಡಿಕೊಂಡು ಒಂದು ಗಾಜಿನ ತೊಟ್ಟಿ, ಗುಳುಗುಳು ಅನ್ನುವ ಮೋಟರು, ಬಣ್ಣದ ಕಲ್ಲು, ಪ್ಲಾಸ್ಟಿಕ್ ಚೀಲದಲ್ಲಿ ಮೀನು, ಎಲ್ಲ ಒಂದೇ ಆಟೋದಲ್ಲಿ ತಂದರು. ಅರ್ಧ ತಾಸಿನಲ್ಲಿ ನಲ್ಲಿ ನೀರು ತುಂಬಿ, ಮೀನು ಬಿಟ್ಟು, ಚಹಾ ಕುಡಿದು ಹೋದರು.

ವೈಷ್ಣವರ ಮನೆಯೊಳಗೆ ಮೀನು! ಒಳಮನೆಯಲ್ಲಿ ಜಪಕ್ಕೆ ಕೂತಿದ್ದ ಅಜ್ಜಿ, ಎಂದರೆ ಕಾಕಾನ ತಾಯಿ, ಹೊರಗೆ ಬಂದು ನೋಡಿ, "ಇದೇನ ಖಾನಾವಳಿ ತಗದೀರೇನು?" ಎಂದಳು.

"ಅತ್ತೀ, ದಶಾವತಾರದಾಗ ಮೊದಲನೇದು ಯಾವುದು?" ಎಂದು ಕಾಕು ಕೇಳಿದಳು.

ಅಜ್ಜಿ ತೊಟ್ಟಿಗೆ ಕೈಮುಗಿದು ಒಳಗೆ ಹೋದಳು. ಧರ್ಮಸಂಕಟ ಇಷ್ಟು ಬೇಗ ಬಗೆಹರಿದದ್ದನ್ನು ನಾನು ಮತ್ತೆ ಕಂಡಿಲ್ಲ.

ಅಂದು ಕಾಕಾನ ಕಣ್ಣು ಮೀನಿನ ಹಿಂದೆ ಹೊರಟಿತು. ಎಡಕ್ಕೆ ಹೋದರೆ ಎಡಕ್ಕೆ, ಮೇಲೆ ಬಂದರೆ ಮೇಲೆ. ಕಾಕು ಒಂದು ಬಟ್ಟಲು ಗಂಜಿ ಪೂರ್ತಿ ಕುಡಿಸಿ, ಅಡಿಗೆಮನೆಗೆ ಹೋಗಿ ಯಾರಿಗೂ ಕಾಣದಂತೆ ಅತ್ತು, ಮುಖ ತೊಳೆದುಕೊಂಡು ಬಂದಳು.

ಮರುದಿನದಿಂದ ತನಗೆ ಗೊತ್ತಿದ್ದ ಸೇವೆಯನ್ನು ಮೀನಿಗೂ ಮಾಡತೊಡಗಿದಳು. ಬೆಳಿಗ್ಗೆ ಎದ್ದವಳೇ ಮೀನುಗಳನ್ನು ಕೊಳಗಕ್ಕೆ ಹಾಕಿ, ತೊಟ್ಟಿ ಬರಿದುಮಾಡಿ, ಗಾಜು ತಿಕ್ಕಿ, ಕಲ್ಲುಗಳನ್ನು ಅಕ್ಕಿ ತೊಳೆದಂತೆ ತೊಳೆದು, ಮೋಟರಿನ ಸ್ಪಂಜನ್ನು ಹಿಂಡಿ ಬಿಸಿಲಿಗಿಟ್ಟು, ಹೊಸ ನೀರು ತುಂಬುವಳು. ನೀರಿನ ಅಭಾವದ ಆ ಊರಿನಲ್ಲಿ ನಾವು ಅರ್ಧ ಬಕೆಟ್ಟಿನಲ್ಲಿ ಸ್ನಾನ ಮುಗಿಸಿ ಮೀನಿಗೆ ಉಳಿಸುತ್ತಿದ್ದೆವು. ಮೀನುಗಳು ಮೇಲಕ್ಕೆ ಬಂದು ಬಾಯಿ ಬಿಟ್ಟವು, ತಳದಲ್ಲಿ ಕೂತವು, ವಾಲಿದವು, ಒಂದೊಂದಾಗಿ ಸತ್ತವು. ಸತ್ತಷ್ಟೂ ಅವಳು ಹೆಚ್ಚು ತೊಳೆದಳು.

ಸತ್ತದ್ದನ್ನು ಹಿತ್ತಲ ಕರಿಬೇವಿನ ಗಿಡದ ಬುಡಕ್ಕೆ ಹುಗಿದು ತಲೆಗೆ ಸ್ನಾನ ಮಾಡುತ್ತಿದ್ದಳು. ಆ ವರ್ಷ ಗಿಡ ಕಂಡಾಪಟ್ಟೆ ಚಿಗುರಿತು. ಅಜ್ಜಿ ಮಾತ್ರ ಸಾರಿಗೆ ಅದರ ಎಲೆ ಬೇಡವೆಂದಳು. ಸೂಪರ್ ಮಾರ್ಕೆಟ್ಟಿನ ಮೀನಿನ ಅಂಗಡಿಯವನಿಗೆ ನನ್ನ ಗುರುತು ಚೆನ್ನಾಗಿ ಹತ್ತಿತು. "ಅದು ಕಮ್ಜೋರ್ ಇತ್ತು ಬಿಡ್ರಿ. ಇದು ನೋಡ್ರಿ, ಪೈಲ್ವಾನ್ ಅದ" ಎನ್ನುವನು. ಪೈಲ್ವಾನನೂ ಶುಕ್ರವಾರದೊಳಗೆ ಕರಿಬೇವಿನ ಬುಡ ಸೇರುವನು.

ನಗುವ ಮಾತಲ್ಲ. ಮೀನು ಸತ್ತ ದಿನ ಕಾಕಾ ಕಣ್ಣು ಮುಚ್ಚಿಬಿಡುತ್ತಿದ್ದರು. ಚಮಚೆ ತುಟಿಗೆ ತಾಗಿಸಿದರೆ ಹಲ್ಲು ಕಚ್ಚುವರು. ಅದೇ ಬಣ್ಣದ ಬೇರೆ ಮೀನನ್ನು ಅವರು ಏಳುವುದರೊಳಗೆ ತಂದು ಬಿಟ್ಟರೂ ಮೋಸ ಹೋಗುತ್ತಿರಲಿಲ್ಲ. ತೋಳು ಕೋಲಾಗುತ್ತ ಬಂತು. "ಮೂಗಿನಿಂದ ನಳಗಿ ಹಾಕಬೇಕಾಗತದ" ಎಂದು ಡಾಕ್ಟರು ಹೇಳಿದ ದಿನ ತೊಟ್ಟಿಯಲ್ಲಿ ಉಳಿದದ್ದು ಒಂದೇ ಒಂದು ಕೇಸರಿ ಮೀನು, ಅದೂ ಬಾಲ ಹರಿದದ್ದು.

ಕಾಲೇಜಿನ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಒಂದು ತೊಟ್ಟಿಯಿತ್ತು. ಅದನ್ನು ತೊಳೆಯುವುದು ಯಾರ ಕೆಲಸವೆಂದು ನಿರ್ಣಯವಾಗದೆ ಹಸಿರುಗಟ್ಟಿ ನಿಂತಿತ್ತು, ಒಳಗೆ ಮೀನು ಕೊಬ್ಬಿ ತಿರುಗುತ್ತಿದ್ದವು. ನಾನು ಮೇಷ್ಟರನ್ನು ಕೇಳಿದೆ. ಅವರು ಎಲ್ಲ ಕೇಳಿಕೊಂಡು, "ತೊಳದು ತೊಳದು ಕೊಲ್ಲಾಕತ್ತೀರಲ್ಲೋ!" ಎಂದರು. ಮೀನಿನ ಹೊಲಸು ನೀರಿನಲ್ಲಿ ವಿಷವಾಗುತ್ತದೆ. ಆ ವಿಷವನ್ನು ತಿಂದು ಸಪ್ಪೆ ಮಾಡುವ, ಕಣ್ಣಿಗೆ ಕಾಣದ ಜೀವಿಗಳು ಕಲ್ಲಿನ ಮೇಲೆ, ಸ್ಪಂಜಿನೊಳಗೆ ನಿಧಾನವಾಗಿ ಬೆಳೆಯಬೇಕು. ಹೊಸ ತೊಟ್ಟಿಯಲ್ಲಿ ಅವು ಇರುವುದಿಲ್ಲ. ತಿಂಗಳು, ಒಂದೂವರೆ ತಿಂಗಳು ಬೇಕು. ಮೀನು ಮೊದಲೇ ಬಿಟ್ಟಾಗಿದ್ದರೆ ಅಲ್ಲಿಯವರೆಗೆ ಅದಕ್ಕೆ ಚಿಟಿಕೆಯಷ್ಟೇ ತಿನ್ನಲು ಹಾಕಿ, ಆಗಾಗ ಸ್ವಲ್ಪ ಸ್ವಲ್ಪ ನೀರು ಮಾತ್ರ ಬದಲಿಸಬೇಕು. ಅದೂ ಬ್ಲೀಚಿಂಗ್ ಪೌಡರಿನ ವಾಸನೆ ಹೋಗಲೆಂದು ಹಿಂದಿನ ದಿನ ತುಂಬಿಟ್ಟ ನೀರು. ಕಲ್ಲು, ಸ್ಪಂಜು ಮುಟ್ಟಕೂಡದು.

ಇದನ್ನು ಕಾಕುಗೆ ಹೇಳುವುದೆಂದರೆ ಮಠಕ್ಕೆ ಹೋಗಿ ಮಡಿ ಬೇಡವೆಂದು ಹೇಳಿದಂತೆ. ಕೇಳಿ ಅವಳ ಮುಖ ಕೆಂಪಾಯಿತು.

"ಹಳಸಿದ ನೀರಾಗ, ತನ್ನ ಹೊಲಸಿನಾಗ ತಾನು ಇರಬೇಕಂತೇನು? ಆ ಮಾಸ್ತರ ಮನಿಯಾಗ ಹೆಣ್ಮಕ್ಕಳು ಇಲ್ಲೇನು?"

ಒಲೆಯ ಮುಂದೆ ಹೋಗಿ ಹಾಲು ಕಾಯಿಸಿದಳು, ಆರಿಸಿದಳು, ಚಮಚೆಯಲ್ಲಿ ಹಿಂದಿನ ದಿನದ ಮೊಸರು ತೆಗೆದು ಅದಕ್ಕೆ ಹಾಕಹೋಗಿ, ಕೈ ತಡೆದು ನಿಂತಳು.

"ಬಾಳಾ, ಅಂದ್ರ ನೀರಿಗೆ ಹೆಪ್ಪು ಬೇಕು ಅಂತಾನೇನು ಅವ?"

ಹೌದೆಂದೆ. ಲ್ಯಾಬಿನ ತೊಟ್ಟಿಯದೇ ನಾಲ್ಕು ಕಲ್ಲು ತರಲೇ ಎಂದೂ ಕೇಳಿದೆ. ಆ ಮೀನು ಹುಳ ತಿನ್ನುತ್ತವೆಂದು ತಿಳಿದು ಬೇಡವೆಂದಳು. ಹೆಪ್ಪಾದರೂ ಮಡಿಯದ್ದೇ ಆಗಬೇಕು. ಕಮಲಾಪುರದ ನಮ್ಮ ಮನೆಯ ಬಾವಿಯಲ್ಲಿ ಮೀನಿದ್ದವು. ನಾನು ಹೋಗಿ ಅದರ ಮೆಟ್ಟಿಲಿನ ಪಾಚಿ ಹಿಡಿದ ಕಲ್ಲೊಂದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ಪಕ್ಕದಲ್ಲಿ ಕೂತ ಮುದುಕಿ, "ಯಾವ ದೇವರಪ್ಪಾ?" ಎಂದು ಮುಟ್ಟಿ ಕಣ್ಣಿಗೊತ್ತಿಕೊಂಡಳು. ನಾನು ಬೇಡವೆನ್ನಲಿಲ್ಲ. ನಮಗೂ ದೇವರ ಅವಶ್ಯಕತೆ ಇತ್ತು.

ಅದಾದ ಮೇಲಿನ ವಾರಗಳನ್ನು ಕಾಕು ಹೇಗೆ ಕಳೆದಳೋ ಕಾಣೆ. ನೀರು ಮೊದಲು ಅಕ್ಕಿ ತೊಳೆದ ನೀರಿನಂತಾಯಿತು, ಗಾಜಿನ ಮೇಲೆ ಲೋಳೆ ಬಂತು. ಅವಳು ಎದುರಿಗೆ ಕೂತು, ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಳ್ಳುವಳು. ಕೈ ತಾವಾಗಿಯೇ ಎದ್ದು ಹೋಗಿ ತೊಳೆದುಬಿಡುತ್ತವೆಂಬ ಭಯ. ಒಂದು ತಂಬಿಗೆ ನೀರು ತೆಗೆದು, ಹಳಸಿದ ನೀರು ಒಂದು ತಂಬಿಗೆ ಹಾಕಿ, ದೇವರ ಕಡೆ ನೋಡದೆ ಹೋಗಿ ಸ್ನಾನ ಮಾಡುವಳು. "ತಪ್ಪು ನಂದು, ಶಿಕ್ಷಾ ಅವರಿಗೆ ಬ್ಯಾಡ" ಎಂದು ಒಂದು ದಿನ ಗೊಣಗಿದ್ದು ಕೇಳಿಸಿತು. ಮೀನು ಬಾಯಿ ಬಿಡುತ್ತಿತ್ತು. ಕಾಕಾ ಅದನ್ನು ನೋಡುತ್ತಿದ್ದರು. ಅವಳು ಇಬ್ಬರನ್ನೂ ನೋಡುತ್ತಿದ್ದಳು.

ನೀರು ತಿಳಿಯಾಗತೊಡಗಿತ್ತು, ಮೀನು ತಳ ಬಿಟ್ಟು ಈಜತೊಡಗಿತ್ತು, ಕಾಕಾ ನಳಗಿಯಿಲ್ಲದೆ ಮತ್ತೆ ಬಟ್ಟಲು ಗಂಜಿ ಕುಡಿಯತೊಡಗಿದ್ದರು. ಅಷ್ಟರಲ್ಲಿ ಒಂದು ಮಧ್ಯಾಹ್ನ ಅಜ್ಜಿ ಜಪಮಾಲೆ ಹಿಡಿದಂತೆಯೇ ತೀರಿಕೊಂಡಳು.

ಕಮಲಾಪುರದಿಂದ ನಮ್ಮಪ್ಪ, ಸೋದರತ್ತೆ, ಹತ್ತಿರದವರೆಲ್ಲ ಬಂದರು. ನಮ್ಮಲ್ಲಿ ಸಾವಾದ ಮನೆಯಲ್ಲಿ ತುಂಬಿಟ್ಟ ನೀರು ಇಡುವಂತಿಲ್ಲ; ಹೆಣ ಹೊಸ್ತಿಲು ದಾಟುತ್ತಲೇ ಎಲ್ಲ ಚೆಲ್ಲಬೇಕು. ಮಡಿಯಲ್ಲಿ ಕಾಕುವನ್ನೂ ಮೀರಿಸಿದ ಸೋದರತ್ತೆ ಸೊಂಟಕ್ಕೆ ಸೆರಗು ಕಟ್ಟಿ ನಿಂತಳು. ಕೊಡ, ಹಂಡೆ, ಡ್ರಮ್ಮು, ಒಂದೊಂದೇ ಅಂಗಳಕ್ಕೆ ಸುರಿದವು. ಎಲ್ಲ ಮುಗಿಸಿ, "ಇದೂ ಅದಲ್ಲ, ಎತ್ರಿ" ಎಂದು ತೊಟ್ಟಿಯತ್ತ ಕೈ ಮಾಡಿದಳು. ಇಬ್ಬರು ಬಂದು ಅದರ ಎರಡೂ ತುದಿ ಹಿಡಿದರು.

ಮಂಚದಿಂದ ಒಂದು ಸದ್ದು ಬಂತು. ದನ ಕೂಗಿದಂತೆ, ಎದೆಯ ತಳದಿಂದ. ಲಕ್ವಾ ಹೊಡೆದ ಮೇಲೆ ಕಾಕಾನ ಬಾಯಿಂದ ಬಂದ ಮೊದಲ ಸದ್ದು.

"ಅಯ್ಯೋ, ತಾಯಿ ಹೋದದ್ದು ತಿಳೀತ್ ನೋಡ್ರಿ ಅವಗ!" ಎಂದು ಸೋದರತ್ತೆ ಕುಸಿದು ಕೂತು ಅತ್ತಳು. ಮನೆ ತುಂಬ ಜನ ಅತ್ತರು. ಕಾಕು ಅಳಲಿಲ್ಲ. ತೊಟ್ಟಿಗೂ ಹಿಡಿದವರಿಗೂ ನಡುವೆ ಬಂದು ನಿಂತಳು.

"ಬಿಡ್ರಿ ಅದನ್ನ."

"ಹುಚ್ಚಿ, ಸೂತಕದ ನೀರು ಇಟ್ಗೋತಾರೇನ? ನೀನಽ ಅಂತೀ ಈ ಮಾತು?" ಸೋದರತ್ತೆ ಕಣ್ಣೊರೆಸಿಕೊಂಡು ಎದ್ದಳು.

"ಅಕ್ಕಾ, ಮಾವನೋರು ಹೋದಾಗ ಕಮಲಾಪುರದ ಬಾವಿ ಚೆಲ್ಲಿದ್ರೇನು ನೀವು?"

"ಬಾವಿ ಯಾರರ ಚೆಲ್ಲತಾರ?"

"ಅದರ ಕಲ್ಲು ಇದರಾಗ ಅದ, ಜೀವ ಅದ. ಇದೂ ಬಾವೀನೇ. ಇನ್ನ ಸೂತಕ ಅಂದ್ರ, ಇದರಾಗ ಸತ್ತೋರಿಗೆ ಲೆಕ್ಕಿಲ್ಲ. ಹೊಸಾದೇನ್ ಹತ್ತತದ ಇದಕ್ಕ?"

"ನಿನ್ನ ಬಾಯಿಗೆ ಯಾರು ಹತ್ತಬೇಕು" ಎಂದು ಸೋದರತ್ತೆ ಒಳಗೆ ಹೋದಳು. ಕೈ ಹಾಕಿದವರು ಕೈ ತೆಗೆದರು.

ಎಲ್ಲರೂ ಊರಿಗೆ ಮರಳಿದ ಮೇಲೆ ಕಾಕು ಬರಿದಾದ ಕೊಡಗಳನ್ನು ಬೋರಲು ಹಾಕುತ್ತ ಹೇಳಿದಳು: "ಅವರು ಕೂಗಿದ್ದು ಅತ್ತಿಗಲ್ಲ ಬಾಳಾ, ಮೀನಿಗೆ. ಅವರ ಕಣ್ಣು ನಾ ನೋಡೇನಿ. ಯಾರ ಮುಂದೂ ಅನಬ್ಯಾಡ. ತಾಯಿಗೆ ಅತ್ತಾನಂತನ ಇರಲಿ."

ಅಂದವರು, ಅತ್ತವರು ಈಗ ಯಾರೂ ಇಲ್ಲ. ಕಾಕೂ ಹೋಗಿ ಬಹಳ ವರ್ಷವಾಯಿತು. ಅವಳು ತೊಳೆದದ್ದನ್ನು ನೆನೆಸಿ ನಮ್ಮ ಮನೆಯವರು ಇಂದಿಗೂ ನಗುತ್ತಾರೆ. ತೊಳೆಯದೆ ಕೂತಿದ್ದನ್ನು ನೋಡಿದವನು ನಾನೊಬ್ಬನೇ.

ಕಾಕಾ ಮತ್ತೆ ಸದ್ದು ಮಾಡಲಿಲ್ಲ. ಮರುವರ್ಷದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಅರ್ಧ ಬಟ್ಟಲು ಗಂಜಿ ಕುಡಿದು ತೀರಿಕೊಂಡರು.